ಎರಡು ಕತ್ತಿನದು

ಎಂಟೂವರೆ ಕೇಜಿ.
ಸಂತೇಪೇಟೆಯ ಬೆಲ್ಲದ ತಕ್ಕಡಿಯಲ್ಲಿ ತೂಗಿಸಿದ್ದೆ,
ಎಪ್ಪತ್ತೊಂಬತ್ತರಲ್ಲಿ, ಮಂಡಿಮೊಹಲ್ಲಾದಿಂದ ಹೊತ್ತು ತಂದ ದಿನ.
ಅಂಗಡಿಯವನು ಸುತ್ತ ನೋಡಿ ಕೇಳಿದ:
ಎರಡು ಕತ್ತು, ಒಂದೇ ಹೊಟ್ಟೆ. ಮೇವು ಎಷ್ಟು ತಿನ್ನುತ್ತೆ?

ಮಾಡಿದವರು ಅಜ್ಮತ್ ಸಾಬರು,
ಬೀಟೆ ಮೇಜಿನೊಳಗೆ ಆನೆ ಕೂರಿಸುವವರು.
ಬೇಸ್ ಗಿಟಾರು ಮುಟ್ಟಿ ಕಂಡವರಲ್ಲ. ನಾನು ಕೊಟ್ಟ ಚಿತ್ರ
ಮಡಿಕೆಯಲ್ಲಿ ಹರಿದಿತ್ತು;
ಹರಿದಲ್ಲಿ ಏನಿತ್ತೆಂದು ಅವರೇ ಊಹಿಸಿದರು.
ಮೇಲಿನ ಕತ್ತಿಗೆ ಹಿತ್ತಾಳೆಯ ಮೆಟ್ಟಿಲು ಹೊಡೆದರು.
ಕೆಳಗಿನದಕ್ಕೆ ಬರುವಷ್ಟರಲ್ಲಿ ಹಿತ್ತಾಳೆ ಮುಗಿದಿತ್ತು.
ಇರಲಿ ಬಿಡಿ, ಸಾರಂಗಿಗೆ ಎಲ್ಲಿದೆ ಮೆಟ್ಟಿಲು, ಅಂದರು.
ಹನ್ನೆರಡನೇ ಮನೆಯಲ್ಲಿ ಚುಕ್ಕಿಯ ಬದಲು
ಮೂಳೆಯ ಒಂದು ಪುಟ್ಟ ಆನೆ.

ಮದುವೆ, ಗಣಪತಿ, ಮಂಡ್ಯದ ಸಕ್ಕರೆ ಕಾರ್ಖಾನೆ ಕ್ವಾರ್ಟರ್ಸು,
ಎಲ್ಲ ಕಡೆ ಮೇಲಿನದನ್ನೇ ನುಡಿಸಿದೆ.
ಕೆಳಗಿನದು ಸುಮ್ಮನಿರುತ್ತಿರಲಿಲ್ಲ.
ಮುಟ್ಟದಿದ್ದರೂ ಗುಂಯ್ ಅನ್ನುತ್ತಿತ್ತು,
ಪಕ್ಕದ ಮನೆಯ ಜಗಳಕ್ಕೆ
ಒಳಗೇ ಗೊಣಗುವವರ ಹಾಗೆ.
ಡ್ರಮ್ಮಿನ ಹಿಂದಿನಿಂದ ಎಬಿನೇಜರ್ ಬೈಯುತ್ತಿದ್ದ.
ತಂತಿಗಳಡಿ ಕರವಸ್ತ್ರ ತುರುಕಿ ಬಾಯಿ ಕಟ್ಟಿದೆ,
ಇಪ್ಪತ್ತಾರು ವರ್ಷ.

ಈಗ ಎಡಭುಜ ಒಂದಿಂಚು ಕೆಳಗಿದೆ;
ದರ್ಜಿ ಕೇಳದೆಯೇ ಬರೆದುಕೊಳ್ಳುತ್ತಾನೆ.
ಅಶೋಕಪುರಂ ಮನೆಯ ಮಂಚದ ಅಂಚಿನಲ್ಲಿ
ಕೂತೇ ನುಡಿಸುವುದು.
ಮೊನ್ನೆ ಕರೆಂಟು ಹೋದಾಗ
ಯಾಕೋ ಕರವಸ್ತ್ರ ಎಳೆದು
ಮೆಟ್ಟಿಲಿಲ್ಲದ ಕತ್ತಿಗೆ ಬೆರಳಿಟ್ಟೆ.
ಸ್ವರ ಸಿಗಲಿಲ್ಲ.
ಅದರ ಹತ್ತಿರ ಎಲ್ಲೋ ಏನೋ ಸಿಕ್ಕಿತು, ಜಾರಿತು,
ಮತ್ತೆ ಹುಡುಕಿದೆ.
ಮೇಲಿನದು, ಇಷ್ಟು ವರ್ಷ ಮೆರೆದದ್ದು,
ಕತ್ತಲಲ್ಲಿ ಮೆಲ್ಲಗೆ
ಹೂಂಗುಟ್ಟುತ್ತ ಕೇಳಿತು.