ಆಲೂಗಡ್ಡೆ ರಜೆ

ಮೇ ತಿಂಗಳ ಎರಡನೆಯ ಮಂಗಳವಾರ, ಸಂಜೆ ಆರೂವರೆ.
ಮೇಯ್ನ್ ರಾಜ್ಯದ ತುತ್ತತುದಿ. ಹೊಳೆಯಾಚೆ ಕೆನಡಾ,
ಈಚೆ ನಮ್ಮ ಶಾಲೆಯ ಊಟದ ಹಾಲು.
ನಾನು ನಡಾವಳಿ ಬರೆಯುವವಳು, ಓಡಿಲ್ ಪೆಲ್ಟಿಯೇ.
ಹತ್ತೊಂಬತ್ತು ವರ್ಷದಿಂದ ಇವರು ಆಡಿದ್ದನ್ನೆಲ್ಲ
ಆಡಬೇಕಿತ್ತೆನ್ನುವ ಹಾಗೆ ತಿದ್ದಿ ಬರೆಯುತ್ತಿದ್ದೇನೆ.

ಮೂರು ಕಂಪನಿಗಳ ಟೆಂಡರು.
ಒಂದು ಬೆಲೆಯಲ್ಲೇ ಸತ್ತಿತು.
ಇನ್ನೊಂದಕ್ಕೆ ನಮ್ಮೂರ ಇಂಟರ್ನೆಟ್ಟು ಸಾಲದು,
ಹಿಮ ಬಿದ್ದ ದಿನ ಅದೂ ರಜೆ ಹಾಕುತ್ತದೆ.
ಉಳಿದ ಕಂಪನಿಯ ಹುಡುಗ ಪೋರ್ಟ್‌ಲ್ಯಾಂಡಿನಿಂದ
ಐದು ತಾಸು ಕಾರೋಡಿಸಿ ಬಂದಿದ್ದ, ಬ್ರೆಂಟ್ ಹ್ಯಾಲ್ವರ್ಸನ್,
ಬೂಟಿಗಿನ್ನೂ ಕೆಸರಿನ ಪರಿಚಯವಿಲ್ಲ.
ಗೋಡೆಗೆ ಬೆಳಕು ಚೆಲ್ಲಿ ತೋರಿಸಿದ:
ಹಸಿರು ಚುಕ್ಕೆಯ ಮಗು ಕಲಿಯುತ್ತಿದೆ,
ಹಳದಿಯದು ತಡವರಿಸುತ್ತಿದೆ,
ಕೆಂಪು... ಇಲ್ಲಿ ದನಿ ತಗ್ಗಿಸಿದ,
‘ಅಪಾಯದಲ್ಲಿದೆ.’

ಮಗುವಿಗೆ ವರ್ಷಕ್ಕೆ ಮೂವತ್ತೊಂದು ಡಾಲರು.
ಮಕ್ಕಳು ನೂರ ಎಂಬತ್ತಾರು.
ಬಾಯ್ಲರ್ ರಿಪೇರಿ ಇನ್ನೂ ಬಾಕಿ.
‘ಮೂಗಿಗಿಂತ ಮೂಗುತಿ ಭಾರ’ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದ್ದನ್ನು
‘ಆರ್ಥಿಕ ಕಾಳಜಿ ವ್ಯಕ್ತವಾಯಿತು’ ಎಂದು ಬರೆದುಕೊಂಡೆ.

ಲೂಸಿಯೆನ್ ಮಿಶೋ, ನಾನೂರು ಎಕರೆ ಆಲೂಗಡ್ಡೆಯವನು,
ಕೈ ಎತ್ತದೆ ಕೇಳಿದ:
‘ಸೆಪ್ಟೆಂಬರಲ್ಲಿ ಮೂರು ವಾರ ಶಾಲೆ ಮುಚ್ತೀವಲ್ಲ,
ಗಡ್ಡೆ ಕೀಳೋಕೆ. ನಿನ್ನ ಯಂತ್ರಕ್ಕೆ ಗೊತ್ತಾ ಅದು?’
ಬ್ರೆಂಟ್ ರಜೆಗಳ ಪಟ್ಟಿ ಇಳಿಸಿದ:
ಕ್ರಿಸ್‌ಮಸ್, ವಸಂತ, ಬೇಸಿಗೆ, ಹಿಮಪಾತ, ಸಾಂಕ್ರಾಮಿಕ.
ಗಡ್ಡೆ ಇರಲಿಲ್ಲ.
‘ಮುಂದಿನ ಆವೃತ್ತಿಯಲ್ಲಿ ಬರುತ್ತೆ.’
ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಹಾಗಿತ್ತು ಆ ಮಾತು.

ಆಮೇಲೆ ಓದುವ ಪರೀಕ್ಷೆ.
ಮೂರನೆಯ ತರಗತಿಯ ನೊಯೆಮಿ ಸಿರುವಾ
ತನ್ನ ತಲೆಗಿಂತ ದೊಡ್ಡ ಹೆಡ್‌ಫೋನು ತೊಟ್ಟು
ಪರದೆಯ ಸಾಲು ಓದಿದಳು. ಬುಟ್ಟಿಯೊಂದು, ಗಡ್ಡೆ ಮೂರು.
ನಮ್ಮ ಕಣಿವೆಯಲ್ಲಿ ಥಕಾರ ಟಕಾರವಾಗುತ್ತದೆ,
ಮನೆಯ ಫ್ರೆಂಚು ಇಂಗ್ಲಿಷಿನ ಕಾಲೆಳೆಯುತ್ತದೆ;
‘ಥ್ರೀ’ ಎಂಬುದು ‘ಟ್ರೀ’ ಆಯಿತು,
ಯಂತ್ರದ ಕಿವಿಯಲ್ಲಿ ಮೂರು ಮರವಾಯಿತು.
ಕೆಂಪು.
ಹುಡುಗಿ ನಾಚಲಿಲ್ಲ. ಮೈಕಿಗೆ ಬಾಯಿ ತಾಗಿಸಿ,
ಕಿವಿ ಮಂದವಾದ ತಾತನಿಗೆ ಹೇಳುವಂತೆ
ಬಿಡಿಸಿ, ಜೋರಾಗಿ, ಇನ್ನೊಮ್ಮೆ ಹೇಳಿದಳು.
ಮತ್ತೆ ಕೆಂಪು.
ಬ್ರೆಂಟ್‌ನತ್ತ ತಿರುಗಿ ಕೇಳಿದಳು:
‘ಇದಕ್ಕೆ ತುಂಬಾ ವಯಸ್ಸಾಗಿದೆಯಾ?’

ಎಲ್ಲರೂ ನಕ್ಕರು, ಅವನೂ.
ನಾನು ನಗಲಿಲ್ಲವೆಂದಲ್ಲ, ನಕ್ಕೆ;
ಆದರೆ ಈ ಊಟದ ಹಾಲು ಹಿಂದೊಮ್ಮೆ ತರಗತಿಯಾಗಿತ್ತು.
‘ನಾನು ಫ್ರೆಂಚ್ ಮಾತಾಡುವುದಿಲ್ಲ’ ಎಂದು
ಅಮ್ಮ ನೂರು ಸಲ ಬರೆದದ್ದು
ಈಗ ಪರದೆ ತೂಗುವ ಗೋಡೆಯ ಮೇಲೆ.
ಬರೆಸಿದವಳು ಮಿಸ್ ವಿಟ್‌ಕೂಂಬ್.
ಆಕೆ ತೀರಿಕೊಂಡಾಗ ಅಮ್ಮ ಒಂದು ಸೇಬಿನ ಪೈ ಮಾಡಿ ಕಳಿಸಿದಳು,
ಯಾಕೆ ಅಂತ ಹೇಳಲಿಲ್ಲ.

ಅಳೆದೂ ಸುರಿದೂ ಒಂಬತ್ತು ಗಂಟೆಯಾಯಿತು.
ಬೇಡವೆನ್ನುವುದು ಸುಲಭವಿತ್ತು, ರೋಸಲಿಂಡ್ ಡೇಗಲ್ ಏಳುವವರೆಗೆ.
ಎರಡು ತರಗತಿ ಒಟ್ಟಿಗೆ ಕಲಿಸುವವಳು, ಬೂದು ಸ್ವೆಟರಿನ ತೋಳೆಲ್ಲ ಅಂಟು.
‘ಇಪ್ಪತ್ತೇಳು ಮಕ್ಕಳು,’ ಎಂದಳು.
‘ನನಗಿರುವುದು ಎರಡೇ ಕಿವಿ.’
ಐದಕ್ಕೆ ಎರಡು ಮತ. ಕೊಂಡೆವು.
ಮಿಶೋ ಕೂಡ ಕೈ ಎತ್ತಿದ, ಗೋಡೆ ನೋಡುತ್ತ.

ಅಕ್ಟೋಬರಿನಲ್ಲಿ ಮಕ್ಕಳು ಮರಳಿದರು,
ಉಗುರಿನೊಳಗೆ ಮಣ್ಣು, ಜೇಬಿನೊಳಗೆ ಕೂಲಿ.
ಮೊದಲ ವರದಿ ಅವರಿಗಿಂತ ಮುಂಚೆ ಬಂದಿತ್ತು:
ಹದಿನೈದು ದಿನ ಗೈರುಹಾಜರಿ.
ನೂರ ಎಂಬತ್ತಾರು ಚುಕ್ಕೆ, ಒಂದೂ ಬಿಡದೆ ಕೆಂಪು.
ಇಡೀ ಶಾಲೆಗೆ ದಡಾರ ಎದ್ದ ಹಾಗೆ.

ಸಹಾಯವಾಣಿಗೆ ಫೋನು ಹಚ್ಚಿದೆ.
ಮನುಷ್ಯರಿರಲಿಲ್ಲ. ಇಂಪಾದ ದನಿಯೊಂದು ಹೇಳಿತು:
‘ಹಾಜರಾತಿಯ ತಕರಾರಿದ್ದರೆ
ಮೂರು ಎಂದು ಹೇಳಿ.’
ಹೇಳಿದೆ.
‘ಕ್ಷಮಿಸಿ, ಅರ್ಥವಾಗಲಿಲ್ಲ.’
ಕಚೇರಿಯ ಬಾಗಿಲು ತೆರೆದೇ ಇತ್ತು, ಹೊರಗೆ ಮಕ್ಕಳ ಸಾಲು.
ಕುರ್ಚಿ ಮುಂದೆಳೆದು, ಫೋನನ್ನು ಬಾಯಿಗೆ ತಾಗಿಸಿ,
ಇನ್ನೂ ಜೋರಾಗಿ ಹೇಳಿದೆ.