ಪಟ್ಟಿಯಲ್ಲಿಲ್ಲದ ಸ್ವತ್ತು

ಮೂವತ್ತೊಂದು ವರ್ಷ ಕಾರವಾರದ ಪೊಲೀಸು ಕೋವಿಖಾನೆಯ
ಕೀಲಿಕೈ ನನ್ನ ಸೊಂಟದಲ್ಲಿತ್ತು.
ವರ್ಷಕ್ಕೊಮ್ಮೆ ಗುರಿ ಪರೀಕ್ಷೆ. ಹತ್ತು ಗುಂಡು:
ಹಲಗೆಗೆ ಎರಡು, ಹಿಂದಿನ ಮಣ್ಣುದಿಬ್ಬಕ್ಕೆ ಎಂಟು.
ಬಹುಮಾನ ದಿಬ್ಬಕ್ಕೇ ಕೊಡಿ ಎಂದು ಸಾಹೇಬರು ನಕ್ಕರು.

ಅಂಥವನಿಗೆ ಈ ಹುಚ್ಚು ಹತ್ತಿದ್ದು ಬೈತಕೋಲದ ಧಕ್ಕೆಯಲ್ಲಿ.
ಹಡಗಿನ ಅಡುಗೆಯ ಕೈತಾನ್, ಕೋಡಿಬಾಗದವ,
ಕಿಸೆಯಿಂದ ತೆಗೆದು ತೋರಿಸಿದ: ದುಂಡನೆ ಬೆಳ್ಳಿ,
ಅದರಲ್ಲಿ ಮೊಣಕಾಲೂರಿ ಗುರಿ ಹಿಡಿದ ಒಬ್ಬ.
ಸ್ವಿಸ್ ದೇಶದ್ದಂತೆ. ಅಲ್ಲಿ ಕೋವಿಗೂ ಹಬ್ಬವಂತೆ.
ಊರಿಗೆ ಊರೇ ಹೆಗಲಿಗೇರಿಸಿ ಹೊರಟು, ಹಲಗೆಗೆ ಹೊಡೆದು,
ಗೆದ್ದವ ಬೆಳ್ಳಿ ಇಸಕೊಂಡು
ಕೋವಿಯನ್ನು ಮನೆಗೇ ಒಯ್ಯುವುದಂತೆ.
ಮನೆಗೇ? ಚೀಟಿಯಿಲ್ಲದೆ, ರುಜುವಿಲ್ಲದೆ?
'ನೀನು ಗೆದ್ದದ್ದಾ?' ಅಂದರೆ 'ಹೌದು, ಇಸ್ಪೀಟಿನಲ್ಲಿ' ಅಂದ.
ಸಮುದ್ರವೇ ಇಲ್ಲದ ಆ ದೇಶಕ್ಕೂ ಹಡಗುಗಳುಂಟು;
ಅಂಥದೊಂದರ ಎಂಜಿನಿನವನಿಂದ. ಅವನೋ
ಅಜ್ಜನ ಪೆಟ್ಟಿಗೆಯಿಂದ ಎಗರಿಸಿದ್ದು.

ಆಮೇಲೆ ಒಂದೊಂದೇ. ಭತ್ಯೆಯ ದುಡ್ಡಿನಲ್ಲಿ,
ಮಡಗಾವಿನ ಹಳೇ ಸಾಮಾನಿನಂಗಡಿಯಲ್ಲಿ ಚೌಕಾಸಿ ಮಾಡಿ.
ಐದು ಫ್ರಾಂಕಿನ ಒಂದರಲ್ಲಿ ಮಂಡಿಯೂರಿದ ಹೆಂಗಸು,
ಒಂದು ಕೈಗೆ ಕತ್ತಿ, ಇನ್ನೊಂದಕ್ಕೆ ಪಾರಿವಾಳ.
ಯಾವುದನ್ನು ಮೊದಲು ಬಿಟ್ಟಾಳೆಂದು
ರಾತ್ರಿ ಪಾಳಿಯಲ್ಲಿ ಬಹಳ ಯೋಚಿಸಿದ್ದೇನೆ.
ಇನ್ನೊಂದರ ಅಂಚಿನಲ್ಲಿ ಅಕ್ಷರ. ಪಾದ್ರಿ ಭೂತಗನ್ನಡಿ ಹಿಡಿದು
'ದೇವರು ಒದಗಿಸುತ್ತಾನೆ' ಎಂದು ಓದಿದರು.
ದೇಶದ ಹೆಸರೂ ಲ್ಯಾಟಿನ್ನಿನಲ್ಲೇ. ನಾಲ್ಕು ಭಾಷೆಯ ಜನ
ಜಗಳ ಬೇಡವೆಂದು, ಯಾರ ಮನೆಯಲ್ಲೂ ಆಡದ ಮಾತಿನಲ್ಲಿ ಬರೆಸಿದರಂತೆ.
ನಮ್ಮ ಬಸ್‌ಸ್ಟ್ಯಾಂಡಿನ ಫಲಕಕ್ಕೆ ಯಾರೋ ಡಾಂಬರು ಬಳಿದ ರಾತ್ರಿ
ಕಾವಲಿಗಿದ್ದವ ನಾನೇ.

ಉಪ್ಪುಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ. ಆ ಕಪ್ಪಿಗೇ ಬೆಲೆ.
ಶೇವಂತಿಗೆ ಇದನ್ನು ಹೇಳಿರಲಿಲ್ಲ.
ಚೌತಿಯ ಮುನ್ನಾದಿನ ದೀಪದ ಸಾಮಾನಿನ ಜೊತೆ
ಒಂಬತ್ತನ್ನೂ ಹುಣಸೆಹುಳಿ ಹಚ್ಚಿ ತಿಕ್ಕಿ
ಗೆರಸಿಯಲ್ಲಿ ಒಣಹಾಕಿದ್ದಳು.
ಅರ್ಧ ಬೆಲೆ ಬಚ್ಚಲಿಗೆ ಹೋಯಿತು. ಎರಡು ದಿನ ನಾನು ಮಾತಾಡಲಿಲ್ಲ.
ಮೂರನೆಯ ದಿನ ಅವಳೇ ಅಂದಳು:
'ಇವನಿಗೆ ಮೂಗು ಉಂಟು ಅಂತ ಈಗಲೇ ಗೊತ್ತಾದದ್ದು.'

ಒಂದು ಮಾತ್ರ ಎಷ್ಟು ತಿಕ್ಕಿದರೂ ಹೊಳೆಯಲಿಲ್ಲ.
ಪುರ್ಸು ಶೇಟರು ಒರೆಗಲ್ಲಿಗೆ ಎಳೆದರು, ಬೂದಿಗೆರೆ.
'ತವರ' ಅಂದರು, ತಕ್ಕಡಿಗೂ ಹಾಕದೆ.
ಮಡಗಾವಿಗೆ ಸಿಟ್ಟಿನ ಕಾಗದ ಬರೆದೆ. ಉತ್ತರ ಬಂತು:
ಮೋಸವಲ್ಲ. ಅದು ಗೆದ್ದವರದ್ದಲ್ಲ,
ಹಬ್ಬಕ್ಕೆ ಬಂದವರಿಗೆಲ್ಲ ಬಾಗಿಲಲ್ಲೇ ಹಂಚಿದ್ದು,
ತಾಗಲಿ, ತಪ್ಪಲಿ.

ಅಂದಿನಿಂದ ಅದು ನನ್ನ ಅಂಗಿಯ ಕಿಸೆಯಲ್ಲಿ.

ಚುನಾವಣೆ ಬಂದರೆ ನಮ್ಮಲ್ಲೂ ಕೋವಿಗಳ ಮೆರವಣಿಗೆ.
ಹಂದಿಗೆ, ಮಂಗಕ್ಕೆ ಲೈಸೆನ್ಸು ಪಡೆದವರು
ಗೋಣಿಯಲ್ಲಿ ಸುತ್ತಿ, ಬಾಳೆಗೊನೆಯ ಹಾಗೆ
ಬಸ್ಸಿನಲ್ಲಿ ಮಡಿಲಲ್ಲಿಟ್ಟು ತರುತ್ತಾರೆ.
ಚೀಟಿ ಕಟ್ಟುವುದು, ಎಣಿಕೆ ಮುಗಿದ ವಾರಕ್ಕೆ ಬಿಚ್ಚುವುದು.
ನಲವತ್ತೊಂದನೆಯ ಚೀಟಿ, ಫೊಂಡು ವೇಳಿಪ. ಬರಲಿಲ್ಲ.
ಮೂರು ನೋಟೀಸು ವಿಳಾಸದಾರನಿಲ್ಲವೆಂದು ಮರಳಿದವು.
ಕೊನೆಗೊಂದು ದಿನ ಹೊಸ ಕಾಲನಿಯಿಂದ ಅವನೇ ಬಂದ:
'ಗದ್ದೆ ಕದ್ರಾ ಡ್ಯಾಮಿನ ನೀರಿನಡಿ ಹೋಯ್ತು.
ಇನ್ನು ಹಂದಿ ಬಂದರೂ ಈಜಿ ಬರಬೇಕು.
ಇಲ್ಲೇ ಇರಲಿ ಅದು.'
ಚಾ ಕುಡಿದ. ಒಮ್ಮೆ ನೋಡುತ್ತೀಯಾ ಅಂದರೆ
ಬೇಡ ಅಂದು, ಲೋಟ ತೊಳೆದಿಟ್ಟು ಹೋದ.

ನನ್ನ ನಿವೃತ್ತಿಯ ದಿನ ಹೊಸಬ, ಚುರುಕಿನ ಹುಡುಗ,
ಪಟ್ಟಿ ಹಿಡಿದು ಒಂದೊಂದೇ ಮುಟ್ಟಿ ಎಣಿಸಿದ.
ನಲವತ್ತೊಂದರ ಹತ್ತಿರ ನಿಂತ.
ಕುದುರೆಗೆ ದಾರ ಕಟ್ಟಿ ಇಳಿಬಿಟ್ಟ ತವರದ ಬಿಲ್ಲೆ.
'ಇದು ಯಾವ ಸ್ವತ್ತು ಸಾರ್? ಪಟ್ಟಿಯಲ್ಲಿಲ್ಲ.'

ಬರೆದುಕೋ ಅಂದೆ, ಷರಾ ಕಾಲಮ್ಮಿನಲ್ಲಿ:
ಬಂದದ್ದಕ್ಕೆ.

ಅವನು ಪೆನ್ನಿನ ಮುಚ್ಚಳ ತೆಗೆದು
'ಯಾರು ಬಂದದ್ದಕ್ಕೆ?' ಎಂದು
ಕಾಯುತ್ತ ನಿಂತ.