ಹ್ಞಾಂ ಅನ್ನೂದರ ಮೊದಲ

ಆರು ಫೂಟಿಗಿ ಮೂರು ಫೂಟು, ಎರಡಿಂಚು ದಪ್ಪ.
ಶಹಾಬಾದಿನ ಈ ಖಣಿಯಾಗ ಫರಸಿ ಯಾರೂ ತೂಗಿ ನೋಡಿಲ್ಲ,
ಟೊಂಕಕ್ಕ ಗೊತ್ತು.
ನಾಕು ಮೂಲಿಗಿ ನಾಕು ಮಂದಿ, ಉದ್ದನ್ನ ಬದಿಗಿ ಮೇಸ್ತ್ರಿ.
ಹಿಂದ ಹಲಿಗಿ ಹಚ್ಚಿ ಲಾರಿ ನಿಂತಿರತಾದ,
ಡ್ರೈವರ್ ಬೀಡಿ ಹಚ್ಚತಾನ,
ಕಟ್ಟು ಮುಗಿಯೂದ್ರಾಗ ಮೂವತ್ತು ಬೇಕು ಅಂತಾನ.

ಹತ್ತು ವರ್ಷ ನಮಗ ಅಂಬಾರಾಯ ಮೇಸ್ತ್ರಿ.
ಅಂವ ಒದರಿದ್ದು ನಾ ಕೇಳಿಲ್ಲ.
ಫರಸಿಗಿ ಒಂದು ಸುತ್ತು ಹಾಕತಿದ್ದ,
ಒಬ್ಬೊಬ್ಬರ ಕಾಲಾಗಿನ ಚಪ್ಪಲಿ ನೋಡತಿದ್ದ,
ಮಾರಿ ನೋಡತಿದ್ದ,
ಒಂದು ಉಸರಿನ ಹೊತ್ತು ಸುಮ್ಮ ನಿಂದರತಿದ್ದ.
ಆಮ್ಯಾಲ ಸಣ್ಣಗ, ಕೂಸಿನ ಎಬ್ಬಸಿದಂಗ,
"ಹ್ಞಾಂ" ಅಂತಿದ್ದ.
ಕಲ್ಲು ಏಳತಿತ್ತು.
ನಾವು ಎತ್ತಿದೇವು ಅಂತ ನಮಗ ಎಂದೂ ಅನಸಲಿಲ್ಲ.

ಅವನ ಮಂಡಿ ಹೋದವು.
ಮಾಲಕ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟ:
"ದೇವೀಂದ್ರ, ಇನ್ನ ನೀನ."
ಆ ಸಂಜಿ ಹೊಸಾ ಟವೆಲ್ ತಗೊಂಡೆ, ಖರೇ ಹೇಳತೀನಿ.
ಹಾದಿಯಾಗ ಒಬ್ಬನ "ಹ್ಞಾಂ, ಹ್ಞಾಂ" ಅಂತ ರೂಢಿ ಮಾಡಿದೆ.
ಮೇಯೂ ಕತ್ತಿಯೊಂದು ಹೊಳ್ಳಿ ನೋಡಿತು.

ಮೊದಲ ವಾರ ನಾ ಬರೇ ಬಾಯಿ.
ಚಂದ್ರಶ್ಯಾ ಕೆಳಗ ಹಿಡಿ, ಮಶಾಕ ಬಗ್ಗು,
ಲೇ ಸಾಬಣ್ಣ ಕಣ್ಣು ಎಲ್ಲವ, ರೇವಪ್ಪಾ ಜಲ್ದಿ ಜಲ್ದಿ,
ನಾಕು ಮಂದಿಗಿ ನಲವತ್ತು ಮಾತು.
ಅದರಾಗ "ಹ್ಞಾಂ" ಯಾವುದು, ಬೈಗುಳ ಯಾವುದು
ನನಗ ಗೊತ್ತಾಗತಿದ್ದಿಲ್ಲ.
ಮೂರು ಮೂಲಿ ಎದ್ದವು.
ನಾಕನೇದು ನೆಲಾ ಬಿಡಲಿಲ್ಲ.
ಕಟಿ ರೊಟ್ಟಿ ಮುರದಂಗ ನಡುವ ಮುರೀತು ಫರಸಿ,
ಮಶಾಕನ ಹೆಬ್ಬಟ್ಟಿನ ಉಗುರು ಅದರ ಬಾಯಾಗ ಉಳೀತು.

ಸಾಬಣ್ಣಗ ಬೈದೆ. ಅಂವ ನಕ್ಕ.
ನಕ್ಕದ್ದಕ್ಕ ಮತ್ತ ಬೈದೆ.

ರಾತ್ರಿ ಅಂಬಾರಾಯನ ಮನಿಗಿ ಹೋದೆ.
ಹೊರಸಿನ ಮ್ಯಾಲ ಮಂಡಿಗಿ ಎಣ್ಣಿ ತಿಕ್ಕೋತ ಕುಂತಿದ್ದ.
ನಾ ಹೇಳಲಿಕ್ಕಿ ಸುರು ಮಾಡಿದಾಗ ತಿಕ್ಕೂದು ನಿಂದರಸಿದ.
ಎಲ್ಲಾ ಹೇಳಿದೆ, ಮೂರು ಸಲ ಹೇಳಿದೆ,
ಎಣ್ಣಿ ಕಾಲಿನಗುಂಟ ಇಳದು ಒಣಗೂತನ.
ಅಂವ ಕೇಳಿದ್ದು ಒಂದ:
"ಸಾಬಣ್ಣನ ಯಾವ ಕಿವಿ ಕಡಿ ನಿಂತಿದ್ದಿ?"

ಕಟಿಂಗ್ ಮಶೀನಿನ ಮುಂದ ಆರು ವರ್ಷ ದುಡದ ಮನಷ್ಯಾ.
ಎಡಗಿವಿ ಕಲ್ಲಾಗಿ ಎಷ್ಟು ದಿನ ಆಗಿತ್ತೋ.
ಅವನ ಕೂಡ ಒಂದ ಬುತ್ತಿ ಉಂಡಾವ ನಾ,
ನನಗ ಗೊತ್ತಿಲ್ಲ.
ಕೇಳಸಲಾರದಾಗೆಲ್ಲಾ ಅಂವ ನಗತಿದ್ದ.
ಅಷ್ಟೂ ವರ್ಷ ಅಂಬಾರಾಯ ಅವನ ಬಲಕ್ಕ ನಿಂತಿದ್ದ,
ಯಾರಿಗೂ ಹೇಳಿಲ್ಲ,
ಸಾಬಣ್ಣಗೂ ಹೇಳಿಲ್ಲ.

ಮರುದಿನ ಛಾ ಕುಡಿಯೂ ಹೊತ್ತಿಗಿ
"ತಪ್ಪು ನಂದು" ಅನಬೇಕಂತ ಬಾಯಿ ತೆರದೆ.
ಕಲ್ಲಿನ ಧೂಳು ಹೊಕ್ಕಿತು, ಕೆಮ್ಮಿದೆ.
ಮಶಾಕ ಪಟ್ಟಿ ಕಟ್ಟಿದ ಕೈಲೆ ನೀರು ಕೊಟ್ಟ.
ಆ ಮಾತು ಇನ್ನೂ ನನ್ನ ಹತ್ರಾನ ಅದ.
ಬದಲಿ, "ಯಾರಿಗಿ ಯಾವ ಮೂಲಿ ಬೇಕು?" ಅಂದೆ.
ಯಾರೂ ಮಾತಾಡಲಿಲ್ಲ.
ಲಾರಿ ಹಾರ್ನ್ ಹೊಡೀತು. ಹೊಡಿಲಿ ಅಂತ ಕುಂತೆ.
ಹಾರ್ನ್ ಮತ್ತ ಹೊಡೀತು.
ಆಗ ರೇವಪ್ಪ, ಎಂದೂ ಬಾಯಿ ಬಿಡಲಾರದಾಂವ, ಬಸಿ ಕೆಳಗಿಟ್ಟ:
"ನಾ ಎಡಚ. ಇಷ್ಟು ವರ್ಷ ಬಲಗೈಲೆ ಎತ್ತೀನಿ."
ಚಂದ್ರಶ್ಯಾ ಅಂದ, "ರಾತ್ರಿ ಕೂಸು ಮಲಗಗೊಟ್ಟಿಲ್ಲ,
ಮೊದಲ ಸಣ್ಣವು ಎತ್ತೂಣು."
ಸಾಬಣ್ಣ ನಕ್ಕ.
ನಾ ಎದ್ದು ಅವನ ಬಲಕ್ಕ ಹೋಗಿ
ಮತ್ತೊಮ್ಮಿ ಕೇಳಿದೆ. ಅಂವ ನಗೂದು ಬಿಟ್ಟು
ಭಾಳ ಹೊತ್ತು ನನ್ನ ನೋಡಿದ.

ಆ ದಿನ ಇಪ್ಪತ್ತೊಂಬತ್ತ ಆದವು,
ಡ್ರೈವರ್ ಎರಡನೇ ಕಟ್ಟು ಒಡದ.

ಮುರದ ಫರಸಿ ಅಲ್ಲೇ ಬಿದ್ದಾದ.
ಮಧ್ಯಾಹ್ನ ಅದರ ಮ್ಯಾಲ ಕುಂತು ಉಣತೀವಿ.
ಸಾಬಣ್ಣ ನನ್ನ ಎಡಕ್ಕ ಕುಂಡರತಾನ.
ಈಗ ಅಂವ ನಗೂದು ಕಡಿಮಿ,
ಬೈಯೂದು ಜಾಸ್ತಿ.